ಹಿಂದಿನ ಸಿಲಿಂಡರಿನ ಬೇಗೆ

ಮಾರ್ಚ್ ಕಾಲಿಟ್ಟಿತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳ ಜಾತಿಯೇ ಬದಲಾಗುತ್ತದೆ. ಮಳೆಗಾಲದಲ್ಲಿ ಟೈರು, ಚಳಿಗಾಲದಲ್ಲಿ ಬ್ಯಾಟರಿ, ಬೇಸಿಗೆಯಲ್ಲಿ ಎಲ್ಲರದೂ ಒಂದೇ ದೂರು: ‘ಸಾರ್, ಸಾಲ ಮಾಡಿ ದೊಡ್ಡ ಗಾಡಿ ತಗೊಂಡೆ. ಸಿಗ್ನಲ್‌ನಲ್ಲಿ ನಿಂತರೆ ಬಲತೊಡೆ ಬೆಂದು ಹೋಗುತ್ತೆ. ಎಂಜಿನ್ ಹಾಳಾಗುತ್ತಾ?’

ಇದರೊಳಗೆ ಎರಡು ಪ್ರಶ್ನೆಗಳಿವೆ. ತೊಡೆ ಬೇಯುವುದು ಒಂದು, ಎಂಜಿನ್ ಹಾಳಾಗುವುದು ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡು ಅಂಗಡಿಗೆ ಹೋಗುವವರಿಂದಲೇ ಆಕ್ಸೆಸರಿ ವ್ಯಾಪಾರದ ಅರ್ಧ ನಡೆಯುತ್ತದೆ. ಎಂಜಿನ್ನಿಗಾಗಿ ಮಾಡಿದ ಮದ್ದು ತೊಡೆಗೆ ಹತ್ತುವುದಿಲ್ಲ, ತೊಡೆಗೆಂದು ಹಾಕಿಸಿದ ತಗಡಿನಿಂದ ಎಂಜಿನ್ನಿಗೆ ಕೂದಲೆಳೆಯಷ್ಟೂ ಉಪಕಾರವಿಲ್ಲ.

ಹಾರ್ಲೆ ಡೇವಿಡ್‌ಸನ್ನಿನ ದೊಡ್ಡ ವಿ-ಟ್ವಿನ್ ಗಾಡಿಯನ್ನೇ ತೆಗೆದುಕೊಳ್ಳೋಣ, ದೂರಿನ ಬಹುಪಾಲು ಅದರ ಮೇಲೆಯೇ ಬರುವುದರಿಂದ. ಎರಡು ಸಿಲಿಂಡರುಗಳು 45 ಡಿಗ್ರಿ ಕೋನದಲ್ಲಿ ಒಂದರ ಹಿಂದೆ ಒಂದು ನಿಂತಿರುತ್ತವೆ. 1909ರಲ್ಲಿ ಆ ಕಂಪನಿ ಮೊದಲ ವಿ-ಟ್ವಿನ್ ತಂದಾಗಲೂ ಕೋನ ಇಷ್ಟೇ ಇತ್ತು. ಹೆಚ್ಚಿನ ಅವಳಿ ಎಂಜಿನ್‌ಗಳಲ್ಲಿ ಸಿಲಿಂಡರುಗಳು ಸ್ವಲ್ಪವಾದರೂ ಆಚೀಚೆ ಸರಿದಿರುತ್ತವೆ. ಇಲ್ಲಿ ಹಾಗಲ್ಲ. ಎರಡು ಕನೆಕ್ಟಿಂಗ್ ರಾಡುಗಳು ಒಂದೇ ಕ್ರ್ಯಾಂಕ್‌ಪಿನ್ನಿನ ಮೇಲೆ ಒಂದರೊಳಗೊಂದು ಸೇರಿಕೊಂಡಿರುವುದರಿಂದ ಹಿಂದಿನ ಸಿಲಿಂಡರು ಮುಂದಿನದರ ನೇರ ಬೆನ್ನಿಗೆ ಬರುತ್ತದೆ. ಜಾತ್ರೆಯಲ್ಲಿ ಆಳೆತ್ತರದವನ ಹಿಂದೆ ಸಿಕ್ಕಿಕೊಂಡವನಿಗೆ ತೇರೂ ಕಾಣುವುದಿಲ್ಲ, ಗಾಳಿಯೂ ಆಡುವುದಿಲ್ಲವಲ್ಲ, ಹಿಂದಿನ ಸಿಲಿಂಡರಿನ ಪಾಡು ಅದೇ. ಅದಕ್ಕೆ ಸಿಗುವುದು ಮುಂದಿನದು ಕಾಯಿಸಿ ಬಿಟ್ಟ ಗಾಳಿ. ಸವಾರ ಕೂರುವುದು ಅದರ ಪಕ್ಕದಲ್ಲೇ, ಮತ್ತು ಅದರ ಎಗ್ಸಾಸ್ಟ್ ಪೈಪು ಹೊರಡುವುದು ಬಲಗಡೆಗೆ. ತೊಡೆಯೇ ಯಾಕೆ, ಬಲತೊಡೆಯೇ ಯಾಕೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಗುಟ್ಟೇನೂ ಇಲ್ಲ.

ಇನ್ನು ಬಿಸಿಯ ಪ್ರಮಾಣ. ಪೆಟ್ರೋಲ್ ಎಂಜಿನ್ ತಾನು ಸುಟ್ಟ ಇಂಧನದ ಶಕ್ತಿಯಲ್ಲಿ ಕಾಲುಭಾಗ, ಹೆಚ್ಚೆಂದರೆ ಮೂರನೇ ಒಂದು ಭಾಗವನ್ನು ಚಕ್ರಕ್ಕೆ ಕೊಡುತ್ತದೆ. ಉಳಿದದ್ದು ಫಿನ್ನುಗಳ ಮೂಲಕವೋ ಸೈಲೆನ್ಸರಿನ ಮೂಲಕವೋ ಬಿಸಿಯಾಗಿ ಹೊರಗೆ ಹೋಗುತ್ತದೆ. ನೂರು ರೂಪಾಯಿ ಪೆಟ್ರೋಲ್ ಹಾಕಿಸಿದರೆ ಎಪ್ಪತ್ತು ರೂಪಾಯಿಗೆ ಬರೀ ಶಾಖ ಕೊಂಡಂತಾಯಿತು. ನೂರೈವತ್ತು ಸಿಸಿ ಗಾಡಿಯಲ್ಲೂ ಲೆಕ್ಕ ಇದೇ, ಆದರೆ ಅದು ಸುಡುವ ಪೆಟ್ರೋಲೇ ಕಡಿಮೆ. 107 ಕ್ಯೂಬಿಕ್ ಇಂಚಿನ, ಎಂದರೆ ಹೆಚ್ಚುಕಡಿಮೆ 1,750 ಸಿಸಿಯ ಮಿಲ್ವಾಕಿ-ಏಟ್ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮ್ಮನೆ ಗುಡುಗುಡಿಸುತ್ತಾ ನಿಂತರೂ ಸುಡುವುದು ಸುಡುತ್ತಲೇ ಇರುತ್ತದೆ, ಗಾಳಿ ಮಾತ್ರ ನಿಂತುಹೋಗಿರುತ್ತದೆ.

ಮಾಲಿನ್ಯದ ಕಾನೂನೂ ಇದಕ್ಕೆ ತನ್ನ ಪಾಲು ಸೇರಿಸಿದೆ. ಹಳೆಯ ಕಾರ್ಬ್ಯುರೇಟರ್ ಗಾಡಿಗಳು ಅಗತ್ಯಕ್ಕಿಂತ ಒಂದಿಷ್ಟು ಹೆಚ್ಚೇ ಪೆಟ್ರೋಲ್ ಕುಡಿಯುತ್ತಿದ್ದವು. ಆ ಹೆಚ್ಚುವರಿ ಪೆಟ್ರೋಲ್ ಆವಿಯಾಗುವಾಗ ಸಿಲಿಂಡರನ್ನು ತಂಪು ಮಾಡುತ್ತಿತ್ತು. ಈಗಿನ ಇಂಜೆಕ್ಷನ್ ಗಾಡಿಗಳು ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಎಂಬ ತೂಕದ ಲೆಕ್ಕಕ್ಕೆ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಕನ್ವರ್ಟರೋ, ನೂರಾರು ಡಿಗ್ರಿ ಕಾದರಷ್ಟೇ ಕೆಲಸಕ್ಕೆ ಬರುವ ಡಬ್ಬಿ. ಟೂರಿಂಗ್ ಮಾಡೆಲ್‌ಗಳಲ್ಲಿ ಅದು ಇರುವುದು ನಿಮ್ಮ ಬಲಗಾಲಿಗೆ ಹತ್ತಿರದಲ್ಲೇ. ಕೆಲವರು ಇದಕ್ಕೆ ಮದ್ದಾಗಿ ಕನ್ವರ್ಟರ್ ಕಿತ್ತುಹಾಕಿಸಿ, ಬಾಯಿಬಿಟ್ಟ ಸೈಲೆನ್ಸರ್ ಕೂರಿಸಿ, ಇಸಿಯುವಿಗೆ ಹೊಸ ಮ್ಯಾಪ್ ಹಾಕಿಸುತ್ತಾರೆ. ಬಿಸಿ ಇಳಿಯುವುದು ನಿಜ. ಅದು ಕಾನೂನಿಗೆ ವಿರುದ್ಧ ಎಂಬುದೂ ಅಷ್ಟೇ ನಿಜ. ನಮ್ಮ ಊರುಗಳಲ್ಲಿ ಪೊಲೀಸರು ಇಂಥ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ನನ್ನ ವಿರೋಧಕ್ಕೆ ಕಾರಣ ಪೊಲೀಸರಲ್ಲ. ನಮ್ಮ ತೊಡೆ ತಂಪಾಗಲೆಂದು ಬೆಳಗಿನ ಆರು ಗಂಟೆಗೆ ಇಡೀ ಬಡಾವಣೆಯನ್ನು ಎಬ್ಬಿಸುವುದು ಯಾವ ನ್ಯಾಯ?

ಕಂಪನಿಗಳಿಗೆ ಇದು ತಿಳಿಯದೆ ಏನಿಲ್ಲ. 2001ರಲ್ಲಿ ಹಾರ್ಲೆಯವರೇ ಪೋರ್ಷೆ ಕಂಪನಿಯ ಜೊತೆ ಸೇರಿ ನೀರಿನಿಂದ ತಣಿಯುವ ವಿ-ರಾಡ್ ತಂದರು. ಎಂಜಿನಿಯರಿಂಗ್ ದೃಷ್ಟಿಯಿಂದ ಒಳ್ಳೆಯ ಗಾಡಿ. ಆದರೆ ಹಾರ್ಲೆಯ ಹಳೆಯ ಭಕ್ತರು ಮುಂದಿನ ರೇಡಿಯೇಟರನ್ನು ನೋಡಿ ಮೂಗು ಮುರಿದರು. 2017ರಲ್ಲಿ ಅದರ ಕಥೆ ಮುಗಿಯಿತು. ಜನಕ್ಕೆ ಬೇಕಾಗಿದ್ದದ್ದು ಫಿನ್ನುಗಳು, ಕ್ರೋಮು, ಎರಡು ಸಿಲಿಂಡರುಗಳ ನಡುವಿನ ಆ ಖಾಲಿ ಜಾಗ. ಹಾಗಾಗಿ ಕಂಪನಿಯವರು ತಣಿಸುವ ಉಪಾಯಗಳನ್ನು ಮರೆಯಲ್ಲಿಡುವುದನ್ನು ಕಲಿತರು. 2014ರ ಕೆಲವು ಟೂರಿಂಗ್ ಮಾಡೆಲ್‌ಗಳಲ್ಲಿ ರೇಡಿಯೇಟರುಗಳು ಕಾಲಿನ ಮುಂದಿನ ಫೇರಿಂಗ್ ಒಳಗೆ ಅಡಗಿ ಕುಳಿತವು. 2017ರ ಮಾಡೆಲ್ ವರ್ಷಕ್ಕೆ ಬಂದ ಮಿಲ್ವಾಕಿ-ಏಟ್‌ನಲ್ಲಿ ಎಗ್ಸಾಸ್ಟ್ ವಾಲ್ವುಗಳ ಸುತ್ತ ಕೆಲವು ಮಾಡೆಲ್‌ಗಳಿಗೆ ಆಯಿಲ್, ಕೆಲವಕ್ಕೆ ಕೂಲಂಟ್ ಹರಿಸಿದರು. ಹೊರಗಿನಿಂದ ನೋಡಿದರೆ ಈಗಲೂ ಅದು ಅಜ್ಜನ ಕಾಲದ ಏರ್-ಕೂಲ್ಡ್ ಎಂಜಿನ್ನೇ. ತೊಡೆ ಬೇಯುವುದು ಗಾಡಿಯ ದೋಷವಲ್ಲ, ಅದು ನಮ್ಮ ಕಣ್ಣು ಕೇಳಿದ ಅಂದಕ್ಕೆ ಕೊಟ್ಟ ಬೆಲೆ ಎಂದು ನಾನು ಹೇಳುವುದು ಇದಕ್ಕೇ.

ಇವೆಲ್ಲಕ್ಕಿಂತ ನನಗೆ ಇಷ್ಟವಾದ ಉಪಾಯ ಇನ್ನೊಂದಿದೆ. ಟೂರಿಂಗ್ ಹಾರ್ಲೆಗಳಲ್ಲಿ, ಎಂಜಿನ್ ಮಿತಿಮೀರಿ ಕಾದು ಗಾಡಿ ನಿಂತಿದ್ದಾಗ, ಹಿಂದಿನ ಸಿಲಿಂಡರಿಗೆ ಪೆಟ್ರೋಲನ್ನೇ ಕೊಡದೆ ಬಿಡುವ ಏರ್ಪಾಟು. ಆಗ ಆ ಸಿಲಿಂಡರು ಬರೀ ಗಾಳಿ ಎಳೆದು ಬಿಡುವ ಪಂಪಿನಂತಾಗಿ ತನ್ನನ್ನು ತಾನೇ ತಣಿಸಿಕೊಳ್ಳುತ್ತದೆ. ಗಾಡಿಯ ಸದ್ದು ಕುಂಟುತ್ತದೆ, ನಡುಕ ಹೆಚ್ಚುತ್ತದೆ. ಗೊತ್ತಿಲ್ಲದವರು ಗಾಬರಿಯಾಗಿ ಸರ್ವಿಸ್ ಸೆಂಟರಿಗೆ ಫೋನ್ ಮಾಡುತ್ತಾರೆ. ಕ್ಲಚ್ ಬಿಟ್ಟು ಹೊರಟರೆ ಸಾಕು, ಎರಡೂ ಮತ್ತೆ ಉರಿಯುತ್ತವೆ. ನಿಂತಾಗ ಥ್ರಾಟಲನ್ನು ಮುಂದಕ್ಕೆ ತಿರುಗಿಸಿ ಕೆಲವು ಸೆಕೆಂಡ್ ಹಿಡಿದರೆ ಈ ಏರ್ಪಾಟನ್ನು ಆನ್ ಅಥವಾ ಆಫ್ ಮಾಡಬಹುದು. ಎಷ್ಟೋ ಮಾಲೀಕರ ಗಾಡಿಯಲ್ಲಿ ಇದು ವರ್ಷಗಟ್ಟಲೆ ಆಫ್ ಆಗಿಯೇ ಇರುತ್ತದೆ. ಇಂಡಿಯನ್ ಮೋಟರ್‌ಸೈಕಲ್ ಕಂಪನಿಯ 1,811 ಸಿಸಿ ಗಾಡಿಗಳಿಗೂ 2019ರಿಂದ ಇಂಥದೇ ಸೌಲಭ್ಯ ಬಂದಿದೆ.

ಎಂಜಿನ್ ಹಾಳಾಗುತ್ತದೆಯೇ ಎಂಬ ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಆಯಿಲ್ ನೋಡಿಕೊಂಡರೆ ಇಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1996ರವರೆಗೆ ಬರುತ್ತಿದ್ದ ಟೂ-ಸ್ಟ್ರೋಕ್ ಗಾಡಿಗಳನ್ನು ಓಡಿಸಿದವರಿಗೆ ಬಿಸಿಯ ನಿಜವಾದ ಭಯ ಗೊತ್ತು. ಪೆಟ್ರೋಲಿಗೆ ಬೆರೆಸುವ ಆಯಿಲ್ ಕಡಿಮೆಯಾಗಿ, ಘಾಟಿಯ ಏರಿನಲ್ಲಿ ಕಾದು, ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡು ‘ಸೀಜ್’ ಆಗಿ ಹಿಂದಿನ ಚಕ್ರ ಹಾಗೇ ನಿಂತುಬಿಡುವುದಿತ್ತು. ಇವತ್ತಿನ ದೊಡ್ಡ ಫೋರ್-ಸ್ಟ್ರೋಕ್ ಎಂಜಿನ್ನಿನ ಆಯಿಲ್ ನೂರಹತ್ತು ಡಿಗ್ರಿ ಕಾದರೂ ಅದು ಜ್ವರವಲ್ಲ, ದಿನದ ಉಷ್ಣತೆ. ಕಂಪನಿ ಹೇಳಿದ 20ಡಬ್ಲ್ಯೂ-50 ಆಯಿಲನ್ನೇ ಹಾಕಿಸಿ, ಬೇಸಿಗೆಯಲ್ಲಿ ಸಿಟಿ ಓಡಾಟ ಹೆಚ್ಚಿದ್ದರೆ ಬದಲಿಸುವ ಅವಧಿಯನ್ನು ಸ್ವಲ್ಪ ಹಿಂದಕ್ಕೆ ತನ್ನಿ. ಕಾದ ಎಂಜಿನ್ನಿನಿಂದ ಏರುವಲ್ಲಿ ಕಟಕಟ ನಾಕಿಂಗ್ ಕೇಳಿಸಿದರೆ ಹೆಚ್ಚಿನ ಆಕ್ಟೇನಿನ ಪೆಟ್ರೋಲ್ ಹಾಕಿಸಿ. ಇಷ್ಟೇ. ಅರೆ ಕ್ಲಚ್‌ನಲ್ಲಿ ತೆವಳುವುದನ್ನು ಬಿಟ್ಟು, ಮುಂದೆ ನಾಲ್ಕು ಕಾರು ದಾಟುವಷ್ಟು ಜಾಗ ಬಿಡುವವರೆಗೆ ಕಾದು ಹೊರಡುವ ಅಭ್ಯಾಸ ಮಾಡಿಕೊಂಡರೆ ಕ್ಲಚ್ಚಿಗೂ ಎಂಜಿನ್ನಿಗೂ ಒಳ್ಳೆಯದು. ಸಿಗ್ನಲ್‌ನ ಕೆಂಪು ಅಂಕಿ ಮೂವತ್ತು ದಾಟಿದ್ದರೆ ಕಿಲ್ ಸ್ವಿಚ್ ಒತ್ತಿ ಆರಾಮಾಗಿ ಕೂತುಕೊಳ್ಳಿ.

ಈಗ ಉಳಿದದ್ದು ಸವಾರ. ಇಲ್ಲಿ ಒಂದು ಲೆಕ್ಕವನ್ನು ಯಾರೂ ಹಾಕಿ ನೋಡುವುದಿಲ್ಲ. ಏರ್-ಕೂಲ್ಡ್ ಸಿಲಿಂಡರ್ ಹೆಡ್ 150 ಡಿಗ್ರಿ ಇದೆಯೆನ್ನಿ. ಹೊರಗಿನ ಗಾಳಿ 30 ಇದ್ದರೆ ಅಂತರ 120, 40 ಇದ್ದರೆ 110. ಎಂಜಿನ್ನಿಗೆ ಇದು ದೊಡ್ಡ ಬದಲಾವಣೆಯಲ್ಲ, ಗಾಡಿ ಓಡುತ್ತಿದ್ದರೆ ಸಾಕು. ನಿಮ್ಮ ಚರ್ಮದ ಉಷ್ಣತೆ ಸುಮಾರು 35. ಗಾಳಿ 30 ಇದ್ದಾಗ ಅದು ನಿಮ್ಮನ್ನು ತಣಿಸುತ್ತದೆ. 40 ಇದ್ದಾಗ ಅದೇ ಗಾಳಿ ನಿಮ್ಮನ್ನು ಕಾಯಿಸುತ್ತದೆ, ವೇಗ ಹೆಚ್ಚಿದಷ್ಟೂ ಹೆಚ್ಚು ಕಾಯಿಸುತ್ತದೆ. ಬೆಂಗಳೂರಿನವರಿಗೆ ಈ ಅನುಭವ ಅಪರೂಪ, ಏಪ್ರಿಲ್‌ನಲ್ಲೂ ಇಲ್ಲಿ 40 ಮುಟ್ಟುವುದಿಲ್ಲ. ಅದೇ ಧೈರ್ಯದಲ್ಲಿ ಮೆಶ್ ಜಾಕೆಟ್ ತೊಟ್ಟು ಬಳ್ಳಾರಿ, ರಾಯಚೂರು, ಕಲಬುರಗಿಯ ಕಡೆಗೆ ಮಧ್ಯಾಹ್ನ ಹೊರಟವರು, ಜಾಲರಿಯೊಳಗೆ ನುಗ್ಗುವ ಗಾಳಿ ಒಲೆಯ ಬಾಯಿಂದ ಬಂದಂತಿದೆಯಲ್ಲ ಎಂದು ಕಂಗಾಲಾಗುತ್ತಾರೆ.

ಅಲ್ಲಿ ಕೆಲಸ ಮಾಡುವುದು ನೀರು. ಹತ್ತಿಯ ಬನಿಯನ್ನನ್ನು ಒದ್ದೆ ಮಾಡಿ, ಹಿಂಡಿ, ತೊಟ್ಟು, ಮೇಲೆ ಜಾಕೆಟ್ ಹಾಕಿಕೊಂಡು ಗಾಳಿ ಬರುವ ಜಿಪ್ಪುಗಳನ್ನು ಸ್ವಲ್ಪ ಮಾತ್ರ ತೆರೆಯಿರಿ. ಬಯಲುಸೀಮೆಯ ಒಣ ಗಾಳಿ ಆ ನೀರನ್ನು ಆವಿ ಮಾಡುತ್ತಾ ಮೈಯಿಂದ ಬಿಸಿಯನ್ನು ಸೆಳೆದುಕೊಳ್ಳುತ್ತದೆ. ಪೂರ್ತಿ ತೆರೆದರೆ ಹತ್ತಿಪ್ಪತ್ತು ನಿಮಿಷದಲ್ಲಿ ಬನಿಯನ್ ಒಣಗಿ ಮತ್ತೆ ಮೊದಲಿನ ಸ್ಥಿತಿ. ಇದೇ ಉಪಾಯವನ್ನು ಮಂಗಳೂರಿನಲ್ಲಿ ಮಾಡಿದರೆ ಏನೂ ಪ್ರಯೋಜನವಿಲ್ಲ. ಕರಾವಳಿಯ ಗಾಳಿ ಮೊದಲೇ ತೇವದಿಂದ ತುಂಬಿರುತ್ತದೆ, ನಿಮ್ಮ ನೀರನ್ನು ಅದು ಮುಟ್ಟುವುದಿಲ್ಲ. ಅಲ್ಲಿ ಮೆಶ್ ಜಾಕೆಟ್ಟೇ ಸರಿ, ಏಕೆಂದರೆ ಅಲ್ಲಿ ಉಷ್ಣತೆ ಸಾಮಾನ್ಯವಾಗಿ 35ರ ಆಸುಪಾಸಿನಲ್ಲೇ ನಿಲ್ಲುತ್ತದೆ.

ಸೊಂಟದಿಂದ ಕೆಳಗೆ ಮಾತ್ರ ಊರು ಯಾವುದಾದರೂ ನಿಯಮ ಒಂದೇ: ದಪ್ಪ ಬಟ್ಟೆ. ಸೆಕೆ ಎಂದು ಚಡ್ಡಿ ತೊಟ್ಟು ಬರುವವರನ್ನು ನೋಡಿದರೆ ನನಗೆ ಅವರ ಮೀನಖಂಡದ ಚಿಂತೆಯಾಗುತ್ತದೆ. ಮಾವನ ಗಾಡಿಯ ಸೈಲೆನ್ಸರ್ ಮುಟ್ಟಿದ ಕಲೆ ಕಾಲಿನ ಮೇಲೆ ಇಲ್ಲದ ಮನುಷ್ಯ ನಮ್ಮಲ್ಲಿ ಕಡಿಮೆ. 60 ಡಿಗ್ರಿಯ ಲೋಹ ಸುಡಲು ಐದು ಸೆಕೆಂಡ್ ಸಾಕು, ಪೈಪಿನ ಬಿಸಿ ಅದಕ್ಕಿಂತ ಎಷ್ಟೋ ಪಟ್ಟು. ಕಾಣದೆ ಕಾಡುವುದು ಕಡಿಮೆ ಬಿಸಿ. 44 ಡಿಗ್ರಿ ಶಾಖವೂ ಗಂಟೆಗಟ್ಟಲೆ ಒಂದೇ ಕಡೆ ತಗುಲಿದರೆ ಚರ್ಮ ಸುಡುತ್ತದೆ, ತೊಡೆಯ ಒಳಭಾಗ ಕೆಂಪಾಗಿರುವುದು ಮನೆಗೆ ಬಂದ ಮೇಲೆ ತಿಳಿಯುತ್ತದೆ. ಜೀನ್ಸ್ ಇದ್ದರೆ ಒಳ್ಳೆಯದು, ಚರ್ಮದ ಪ್ಯಾಂಟಾದರೆ ಇನ್ನೂ ಒಳ್ಳೆಯದು. ನೈಲಾನಿನ ರೈನ್ ಪ್ಯಾಂಟ್ ಪೈಪಿಗೆ ತಗುಲಿದರೆ ಕರಗಿ ಅಂಟಿಕೊಳ್ಳುತ್ತದೆ, ಕ್ರೋಮಿನ ಮೇಲಿನ ಆ ಕಪ್ಪು ಕಲೆ ತೆಗೆಯುವುದು ಒಂದು ಭಾನುವಾರದ ಕೆಲಸ.

ಆಕ್ಸೆಸರಿಗಳಲ್ಲಿ ನಾನು ಒಪ್ಪುವುದು ಎರಡು: ಸೀಟಿನ ಕೆಳಗೆ, ಹಿಂದಿನ ಸಿಲಿಂಡರಿಗೂ ತೊಡೆಗೂ ನಡುವೆ ಕಟ್ಟುವ ಚರ್ಮದ ಪರದೆ, ಮತ್ತು ಫ್ರೇಮಿನ ಪಕ್ಕಕ್ಕೆ ಕೂರಿಸುವ ಪುಟ್ಟ ಪ್ಲಾಸ್ಟಿಕ್ ರೆಕ್ಕೆಗಳು. ಎರಡೂ ಬಿಸಿಗಾಳಿಯ ದಾರಿ ತಿರುಗಿಸುತ್ತವೆ, ಅಷ್ಟಕ್ಕೇ ಅವು ಇರುವುದು. ಪೈಪಿಗೆ ಬ್ಯಾಂಡೇಜಿನಂತೆ ಸುತ್ತುವ ಪಟ್ಟಿ ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ಒಂದಿಷ್ಟು ಬಿಸಿಯನ್ನೂ ತಡೆಯುತ್ತದೆ. ಆದರೆ ನಮ್ಮ ಮಳೆಗಾಲದ ನೀರನ್ನು ಹೀರಿ ಹಿಡಿದಿಟ್ಟುಕೊಂಡು ಒಳಗೊಳಗೇ ಪೈಪಿಗೆ ತುಕ್ಕು ಹಿಡಿಸುತ್ತದೆ.

ಇನ್ನೂ ಗಾಡಿ ಕೊಳ್ಳದವರಿಗೆ ಒಂದು ಮಾತು. ಸಿಲಿಂಡರುಗಳು ಎಲ್ಲಿ ನಿಂತಿವೆ ಎಂದು ಮೊದಲು ನೋಡಿ. ಬಿಎಂಡಬ್ಲ್ಯೂ ಆರ್18ರ 1,802 ಸಿಸಿ ಎಂಜಿನ್ನಿನಲ್ಲಿ ಅವು ಎಡಕ್ಕೂ ಬಲಕ್ಕೂ ಚಾಚಿಕೊಂಡು ಗಾಳಿಗೆ ಮೈಯೊಡ್ಡಿವೆ, ಬೆಚ್ಚಗಾಗುವುದು ಮೊಣಕಾಲಿನ ಕೆಳಗೆ. ರಾಯಲ್ ಎನ್‌ಫೀಲ್ಡ್‌ನ ಸೂಪರ್ ಮೀಟಿಯೋರ್ 650ರಲ್ಲಿ ಎರಡೂ ಅಕ್ಕಪಕ್ಕ ನಿಂತು ಗಾಳಿಯನ್ನು ಸಮನಾಗಿ ಹಂಚಿಕೊಳ್ಳುತ್ತವೆ, ಗಾಡಿಯೂ ಮೂರನೇ ಒಂದರಷ್ಟು ಸಿಸಿಯದು. ಇಷ್ಟು ಕೇಳಿಯೂ ನಿಮಗೆ ದೊಡ್ಡ ವಿ-ಟ್ವಿನ್ನೇ ಬೇಕೆಂದರೆ ಬೇಡ ಎನ್ನಲು ನಾನ್ಯಾರು, ನನ್ನ ಮನಸ್ಸೂ ಅತ್ತಲೇ. ಆದರೆ ಶೋರೂಮಿನವರು ಬೆಳಗ್ಗೆ ಹತ್ತಕ್ಕೆ ಟೆಸ್ಟ್ ರೈಡಿಗೆ ಬನ್ನಿ ಎಂದರೆ ಮಧ್ಯಾಹ್ನ ಎರಡಕ್ಕೆ ಬರುತ್ತೇನೆ ಎನ್ನಿ. ಖಾಲಿ ರಿಂಗ್ ರಸ್ತೆ ಬೇಡ, ನಾಲ್ಕು ಸಿಗ್ನಲ್ ಇರುವ ದಾರಿ ಹಿಡಿಯಿರಿ. ಮನೆಯವರನ್ನೂ ಹಿಂದೆ ಕೂರಿಸಿಕೊಂಡು ಹೋಗಿ, ಅವರ ಬಲಗಾಲು ಸೈಲೆನ್ಸರಿಗೆ ಎಷ್ಟು ಹತ್ತಿರ ಬರುತ್ತದೆಂದು ಇಳಿದ ಮೇಲೆ ಅವರನ್ನೇ ಕೇಳಿ.