ತಪ್ಪಿನ ಅರ್ಥ: ಕಲಿಕೆಯ ಸಿದ್ಧಾಂತಗಳನ್ನು ಕುರಿತು

ಕಲಿಕೆಯ ಸಿದ್ಧಾಂತಗಳನ್ನು ವಿವರಿಸುವಾಗ ಥಾರ್ನ್‌ಡೈಕರ ಬೆಕ್ಕು, ಪಾವ್ಲೋವರ ನಾಯಿ, ಸ್ಕಿನ್ನರರ ಪಾರಿವಾಳಗಳನ್ನು ಸಾಲಾಗಿ ನಿಲ್ಲಿಸಿ, ಕೊನೆಗೆ ಪಿಯಾಜೆಯವರ ಹಂತಗಳನ್ನು ಪಟ್ಟಿಮಾಡುವ ಕ್ರಮ ರೂಢಿಯಲ್ಲಿದೆ. ಪರೀಕ್ಷೆಗೆ ಇದು ಅನುಕೂಲವೇ ಸರಿ. ತರಗತಿಯಲ್ಲಿ ನಿಂತ ಅಧ್ಯಾಪಕರಿಗೆ ಇದರಿಂದ ದೊರೆಯುವ ನೆರವು ಅತ್ಯಲ್ಪ. ಸಿದ್ಧಾಂತವೊಂದರ ಬೆಲೆಯನ್ನು ಅರಿಯಲು ನಾವು ಬೇರೊಂದು ಒರೆಗಲ್ಲನ್ನು ಸೂಚಿಸುತ್ತೇವೆ: ಮಗುವಿನ ತಪ್ಪನ್ನು ಅದು ಹೇಗೆ ಅರ್ಥೈಸುತ್ತದೆ?

ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆಯುತ್ತಿರುವ ಕನ್ನಡದ ಮಗುವೊಂದು 'ನಾನು ಹಣ್ಣು ತಿನ್ನಿದೆ' ಎಂದಿತೆಂದು ಭಾವಿಸೋಣ. 'ತಿಂದೆ' ಎಂಬುದು ಸಾಧುರೂಪ.

ವರ್ತನವಾದದ ದೃಷ್ಟಿಯಲ್ಲಿ ಇದು ಅಳಿಸಬೇಕಾದ ಪ್ರತಿಕ್ರಿಯೆ. ಸರಿಯಾದ ರೂಪಕ್ಕೆ ಪುನರ್ಬಲನ ದೊರೆತರೆ ತಪ್ಪು ಕ್ರಮೇಣ ಮರೆಯಾಗುತ್ತದೆ. ಸ್ಕಿನ್ನರ್ ಶಿಕ್ಷೆಯನ್ನು ಸಮರ್ಥಿಸಿದವರಲ್ಲ. ಪಾಠವನ್ನು ಕಿರುಮೆಟ್ಟಿಲುಗಳಾಗಿ ವಿಂಗಡಿಸಿ, ಪ್ರತಿಯೊಂದು ಉತ್ತರದ ಸರಿತಪ್ಪನ್ನು ಒಡನೆಯೇ ತಿಳಿಸಬೇಕೆಂದವರು. ಈ ವಿವೇಕವನ್ನು ಮನ್ನಿಸಲೇಬೇಕು. ಆದರೆ 'ತಿನ್ನಿದೆ' ಎಂಬ ರೂಪವನ್ನು ಮಗು ಹಿರಿಯರ ಬಾಯಿಂದ ಕೇಳಿರಲಾರದು. ಕೇಳದುದನ್ನು ನುಡಿದದ್ದು ಹೇಗೆ? ಸ್ಕಿನ್ನರರ 1957ರ 'ವರ್ಬಲ್ ಬಿಹೇವಿಯರ್' ಗ್ರಂಥವನ್ನು ಕುರಿತು 1959ರಲ್ಲಿ ಚಾಮ್‌ಸ್ಕಿ ಬರೆದ ವಿಮರ್ಶೆಯ ಬಳಿಕ ಈ ಬಗೆಯ ಪ್ರಶ್ನೆಯನ್ನು ಬದಿಗೊತ್ತುವುದು ಸಾಧ್ಯವಾಗಲಿಲ್ಲ.

ಪಿಯಾಜೆಯವರ ದಾರಿಯಲ್ಲಿ ನೋಡಿದರೆ ತಪ್ಪು ಆಲೋಚನೆಯ ಸಾಕ್ಷಿ. 'ಓದಿದೆ', 'ಮಾಡಿದೆ' ಎಂಬ ರೂಪಗಳಿಂದ ಮಗು ನಿಯಮವೊಂದನ್ನು ತಾನೇ ಕಟ್ಟಿಕೊಂಡು 'ತಿನ್ನು' ಧಾತುವಿಗೂ ಅನ್ವಯಿಸಿದೆ. ಪ್ಯಾರಿಸಿನಲ್ಲಿ ಬುದ್ಧಿಪರೀಕ್ಷೆಗಳ ಕೆಲಸದಲ್ಲಿದ್ದಾಗಲೇ ಪಿಯಾಜೆಯವರ ಲಕ್ಷ್ಯ ಮಕ್ಕಳ ತಪ್ಪುತ್ತರಗಳ ಹಿಂದಿನ ತರ್ಕದತ್ತ ಹೊರಳಿತ್ತು. ಆದರೆ ಅವರು ಚಿತ್ರಿಸುವ ಮಗು ಬಹುಮಟ್ಟಿಗೆ ಒಂಟಿ ಅನ್ವೇಷಕ.

ಪಿಯಾಜೆಯವರಂತೆ 1896ರಲ್ಲೇ ಹುಟ್ಟಿ, 1934ರಲ್ಲಿ ತೀರಿಕೊಂಡ ವೈಗಾಟ್‌ಸ್ಕಿ ಈ ಒಂಟಿತನವನ್ನು ಒಪ್ಪುವುದಿಲ್ಲ. ಮಗು ತಾನಾಗಿ ಮಾಡಬಲ್ಲುದಕ್ಕೂ ಬಲ್ಲವರ ನೆರವಿನಿಂದ ಮಾಡಬಲ್ಲುದಕ್ಕೂ ನಡುವಣ ವಲಯವೇ ಅವರ ಮತದಲ್ಲಿ ಬೋಧನೆಯ ಕ್ಷೇತ್ರ. ಕರ್ನಾಟಕದ ಊರುಗಳಲ್ಲಿ ಈ ನೆರವು ಅಜ್ಜಿಯಿಂದ, ಅಂಗಡಿಯವರಿಂದ, ಓರಗೆಯ ಮಕ್ಕಳಿಂದ ದಿನವೂ ದೊರೆಯುತ್ತದೆ. ಹೊರನಾಡಿನಲ್ಲಿ ಅದು ವಿರಳ. ಆದುದರಿಂದ ಅಲ್ಲಿ 'ತಿನ್ನಿದೆ' ಬಹುಕಾಲ ಉಳಿದರೆ ಅದನ್ನು ಮಗುವಿನ ಬುದ್ಧಿಯ ನ್ಯೂನತೆಯೆಂದು ಬಗೆಯುವುದು ಅನ್ಯಾಯ. ಕೊರತೆಯಿರುವುದು ಸುತ್ತಲಿನ ನುಡಿಬಳಗದಲ್ಲಿ.

ಮಗು ಜ್ಞಾನವನ್ನು ತಾನೇ ಕಟ್ಟಿಕೊಳ್ಳುತ್ತದೆಂಬ ನಿಲುವನ್ನು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಎತ್ತಿಹಿಡಿಯಿತು. ಅದೇ ನಿಲುವಿನ ವ್ಯಾಖ್ಯೆಯನ್ನು ಭಾವೀ ಶಿಕ್ಷಕರಿಂದ ಕಂಠಪಾಠ ಮಾಡಿಸುವುದಾದರೆ ಸಿದ್ಧಾಂತದ ಹೆಸರು ಮಾತ್ರ ಬದಲಾದಂತೆ. ಹೊರನಾಡಿನ ಕನ್ನಡ ತರಗತಿಗಳಿಗೆ ಇವುಗಳಲ್ಲಿ ಯಾವುದೋ ಒಂದೇ ಸಾಲದು. ಅಕ್ಷರ ತಿದ್ದುವಲ್ಲಿ ಸ್ಕಿನ್ನರರ ಕಿರುಮೆಟ್ಟಿಲುಗಳು ಸಲ್ಲುತ್ತವೆ. ಮಾತು ಬೆಳೆಯಬೇಕಾದಲ್ಲಿ ಮೊದಲು ತಪ್ಪಿನ ತರ್ಕವನ್ನು ಆಲಿಸಿ, ಬಳಿಕ ಒಡನಾಟದ ನೆರವನ್ನು ಒದಗಿಸಬೇಕು. ತಪ್ಪಿಗೆ ನಗೆಯೊಂದೇ ಉತ್ತರವಾದರೆ ಮಗು ಕ್ರಮೇಣ ಕನ್ನಡದಲ್ಲಿ ಮಾತನಾಡುವುದನ್ನೇ ಬಿಟ್ಟೀತು ಎಂಬುದು ನಮ್ಮ ಆತಂಕ.