ಚುನಾವಣಾ ಭವಿಷ್ಯವೂ ಅನುಮಾನಪ್ರಮಾಣವೂ

ಆಳುವ ಪಕ್ಷವು ಮರಳಿ ಗೆಲ್ಲುವುದೋ ಇಲ್ಲವೋ ಎಂಬುದನ್ನು ಮತದಾನಕ್ಕೆ ಮೊದಲೇ ನಿರ್ಣಯಿಸಲೆಳಸುವುದು ಅನುಮಾನಪ್ರಮಾಣದ ವ್ಯಾಪಾರವಾಗಿದೆ. ಇಲ್ಲಿ ಕೇಳಲ್ಪಟ್ಟ ಕೆಲವರ ಮತವು ಹೇತು. ಸಮಸ್ತ ಮತದಾರರ ಮತವು ಸಾಧ್ಯ. ಆ ಕೆಲವರು ಸಮಸ್ತರ ಪ್ರತಿರೂಪವಾಗಿರುವರೆಂಬ ವ್ಯಾಪ್ತಿಯು ಸಿದ್ಧವಾಗದಿದ್ದರೆ ಹೇತುವು ಹೇತ್ವಾಭಾಸವಾಗುವುದು.

ಆಸ್ಟ್ರೇಲಿಯಾದ ಒಕ್ಕೂಟ ಸಂಸತ್ತಿಗೆ 2019ನೆಯ ಮೇ 18ರಂದು ನಡೆದ ಚುನಾವಣೆಯು ಇದಕ್ಕೆ ನಿದರ್ಶನ. ಕಡೆಯ ವಾರದ ಐದು ಪ್ರಮುಖ ಸಮೀಕ್ಷೆಗಳು, ಪ್ರಾಶಸ್ತ್ಯಮತಗಳನ್ನು ಹಂಚಿದ ಬಳಿಕ, ವಿರೋಧಪಕ್ಷವಾದ ಲೇಬರಿಗೆ ನೂರಕ್ಕೆ 51ರಿಂದ 52ರವರೆಗೆ ಮತಗಳು ಬರುವುವೆಂದು ಹೇಳಿದುವು. ಬಂದುದು 48.5 ಮಾತ್ರ. ಸ್ಕಾಟ್ ಮಾರಿಸನ್ನರ ಆಳುವ ಕೂಟವು 151 ಸ್ಥಾನಗಳಲ್ಲಿ 77ನ್ನು ಪಡೆದು ಅಧಿಕಾರದಲ್ಲುಳಿಯಿತು.

ನೂರಕ್ಕೆ ಮೂರರ ತಪ್ಪು ಅಲ್ಪವೆಂದು ಕೆಲವರು ಸಮಾಧಾನ ಹೇಳಬಹುದು. ಆದರೆ ವಿಚಾರಾರ್ಹವಾದುದು ತಪ್ಪಿನ ಪರಿಮಾಣವಲ್ಲ, ಐದೂ ಒಂದೇ ದಿಕ್ಕಿಗೆ ತಪ್ಪಿದುದು. ಆಕಸ್ಮಿಕ ದೋಷವಾಗಿದ್ದರೆ ಕೆಲವು ಆಚೆಗೂ ಕೆಲವು ಈಚೆಗೂ ಸರಿಯಬೇಕಿತ್ತು. ಕೇಳಲ್ಪಟ್ಟವರಲ್ಲಿ ರಾಜಕೀಯಾಸಕ್ತರೂ ಹೆಚ್ಚು ಓದಿದವರೂ ಅಧಿಕವಾಗಿದ್ದಿರಬೇಕೆಂದೂ, ಆ ಅಸಮತೆಯನ್ನು ಸಾಕಷ್ಟು ಸರಿಪಡಿಸಲಿಲ್ಲವೆಂದೂ 2020ರ ವಿಚಾರಣಾ ವರದಿಯು ತಿಳಿಸಿತು. ಒಂದೇ ದೋಷವನ್ನು ಹೊತ್ತ ಐವರ ಐಕಮತ್ಯವು ಐದು ಪ್ರಮಾಣಗಳಾಗದು. ಕುರುಡನ ಕೈಯನ್ನು ಕುರುಡನು ಹಿಡಿದ ಅಂಧಪರಂಪರೆಯಾದೀತು.

ಇದರಿಂದ ಸಮೀಕ್ಷೆಯೇ ತ್ಯಾಜ್ಯವೆನ್ನುವುದೂ ಯುಕ್ತವಲ್ಲ. 2022ರಲ್ಲಿ ಲೇಬರ್ ಮುಂದಿರುವುದೆಂದು ಅವು ಹೇಳಿದುದು ದಿಟವಾಯಿತು. ಆದರೆ ಫಲವು ಕೂಡಿಬಂದ ಮಾತ್ರಕ್ಕೆ ಅನುಮಾನವು ನಿರ್ದುಷ್ಟವೆನಿಸದು. ಮಂಜನ್ನು ಹೊಗೆಯೆಂದು ಭ್ರಮಿಸಿದವನಿಗೂ ಬೆಟ್ಟದಲ್ಲಿ ಒಮ್ಮೆ ಬೆಂಕಿ ಸಿಕ್ಕೀತು. ಭವಿಷ್ಯ ನುಡಿಯುವವನು ಸಂಖ್ಯೆಯೊಡನೆ, ತಾನು ಯಾರನ್ನು ಕೇಳಿದನು, ಅವರ ಮಾತನ್ನು ಹೇಗೆ ತೂಗಿದನು ಎಂಬುದನ್ನೂ ಹೇಳತಕ್ಕದ್ದು.