ಕಲ್ಕುಡ ಪಾಡ್ದನದಲ್ಲಿ ಭೀತಿಯ ನೆಲೆ

ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ತುಳುವರ ‘ಪಿಶಾಚಾರಾಧನೆ’ಯೆಂಬ ಅರ್ಥದ ಶೀರ್ಷಿಕೆಯಡಿ ಅಚ್ಚಾದವು. ಭೀತಿಯ ಮೂಲವನ್ನು ಭೂತದಲ್ಲಿಯೇ ಹುಡುಕುವ ಓದು ಆ ಶೀರ್ಷಿಕೆಯ ಫಲ. ಕಲ್ಕುಡ ಪಾಡ್ದನ ಇದಕ್ಕೆ ಒಪ್ಪುವುದಿಲ್ಲ. ಕಾರ್ಕಳದ ಗೊಮ್ಮಟನನ್ನು (ಪ್ರತಿಷ್ಠೆ 1432) ಕಡೆದ ಶಿಲ್ಪಿ ಕಲ್ಕುಡನೆಂದು ಪಾಡ್ದನ ಹೇಳುತ್ತದೆ. ಅಂತಹ ಮೂರ್ತಿ ಬೇರೆಲ್ಲಿಯೂ ಆಗಬಾರದೆಂದು ಅರಸನು ಅವನ ಎಡಗೈ, ಬಲಗಾಲುಗಳನ್ನು ಕಡಿಸುತ್ತಾನೆ. ಕಥೆಯ ಅತ್ಯಂತ ಘೋರ ಗಳಿಗೆಯಿದು; ಭೂತವಿನ್ನೂ ಹುಟ್ಟಿಯೇ ಇಲ್ಲ! ತಂಗಿ ಕಲ್ಲುರ್ಟಿಯೊಡನೆ ಮಾಯಕ್ಕೆ ಸಂದು ಅವನು ಅರಸನನ್ನು ಕಾಡತೊಡಗಿದಾಗ ಕೇಳುಗನಿಗೆ ನೆಮ್ಮದಿಯೇ ಆಗುತ್ತದೆ. ನಾಟಿಗದ್ದೆಯಲ್ಲಿ ಹೆಂಗಸರು ಪ್ರಥಮಪುರುಷದಲ್ಲಿ ಹಾಡುವ ಪಾಡ್ದನ ಕೋಲದಲ್ಲಿ ‘ನಾನು’ ಎಂದು ನುಡಿಯುತ್ತದೆ. ಅಂಗಹೀನನಾದವನೇ ಎದುರು ನಿಂತು ಲೆಕ್ಕ ಕೇಳುತ್ತಾನೆ. ಗದ್ಯಕಥೆಯಾಗಿಸುವಾಗ ಈ ದನಿಯನ್ನು ಕೈಬಿಟ್ಟರೆ ದೈವವು ಬರಿಯ ದೆವ್ವವಾಗಿ ಉಳಿಯುತ್ತದೆ.